ನಮ್ಮ ಮನೆಯಲ್ಲಿ ದೆವ್ವಗಳಿಗೆ ನಿಷೇಧ

ಹನ್ನೆರಡು ವರ್ಷದ ಸಂಸಾರದಲ್ಲಿ ನನ್ನ ಮಾತು ನಡೆದದ್ದು ಒಂದೇ ಸಲ, ಅದೂ ಹೋದ ಅಕ್ಟೋಬರಿನಲ್ಲಿ. ಆವತ್ತೂ ನಡೆಯದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಮೆರಿಕದ ಮಿಲ್ವಾಕಿ ನಗರದ ದಕ್ಷಿಣ ಭಾಗದಲ್ಲಿ ಲಾರೆನ್ಸ್ ಕುಬಿಯಾಕ್ ಎಂದರೆ ನಾಲ್ಕು ಜನಕ್ಕೆ ಗೊತ್ತು. ಚರ್ಚಿನ ಶುಕ್ರವಾರದ ಊಟಕ್ಕೆ ಮೀನು ಕರಿಯುವವನು ನಾನೇ. ಆದರೆ ಹೊಸ್ತಿಲು ದಾಟಿ ಒಳಗೆ ಬಂದರೆ ಬರೀ ಲ್ಯಾರಿ. ಟಿವಿಯ ರಿಮೋಟು ಹೆಂಡತಿ ಮೋನಿಕಾಳದು, ಮೆತ್ತನೆಯ ಕುರ್ಚಿ ಅತ್ತೆ ಅಪೊಲೋನಿಯಾ ಅವರದು, ಮಿಕ್ಕದ್ದೆಲ್ಲ ಮಕ್ಕಳದು. (ಕಸದ ಡಬ್ಬ ಮಾತ್ರ ಸಂಪೂರ್ಣವಾಗಿ ನನ್ನ ಸುಪರ್ದಿಯಲ್ಲಿದೆ.)

ಎದುರು ಮನೆಯ ಹಾಫ್‌ಮನ್ ದಂಪತಿಗಳು ಅಂಗಳದಲ್ಲಿ ಆಳೆತ್ತರದ ಅಸ್ಥಿಪಂಜರ ನಿಲ್ಲಿಸಿ ಅದಕ್ಕೆ ಬಣ್ಣದ ದೀಪ ಸುತ್ತಿದ ದಿನ ನನಗೆ ಜ್ಞಾನೋದಯವಾಯಿತು. ನಾವು ಕ್ಯಾಥೊಲಿಕರು. ದೆವ್ವ, ಪಿಶಾಚಿ, ಮಾಟಗಾತಿಯರ ವೇಷ ಹಾಕಿಕೊಂಡು ಮನೆಮನೆಗೂ ಹೋಗಿ ಮಿಠಾಯಿ ಕೇಳುವ ಈ ಹ್ಯಾಲೋವೀನ್ ನಮಗೆ ಸಲ್ಲದು. ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು ಘೋಷಿಸಿಬಿಟ್ಟೆ.

"ಈ ವರ್ಷದಿಂದ ನಮ್ಮ ಮನೇಲಿ ಹ್ಯಾಲೋವೀನ್ ಇಲ್ಲ. ಕ್ಯಾಥೊಲಿಕರು ಅದನ್ನ ಮಾಡಬಾರದು."

ಎಂಟು ವರ್ಷದ ಮಗಳು ಲೂಸಿಯ ಚಮಚ ಬಾಯಿಯ ಹತ್ತಿರ ಹೋಗಿ ನಿಂತಿತು. ಈ ಸಲ ಮಾಟಗಾತಿಯಾಗಬೇಕೆಂದು ಅವಳು ಬೇಸಿಗೆಯಿಂದಲೇ ವಿಕಟವಾಗಿ ನಗುವುದನ್ನು ಅಭ್ಯಾಸ ಮಾಡುತ್ತಿದ್ದಳು.

"ಮಾಡಬಾರದು ಅಂತ ಯಾರು ಹೇಳಿದ್ದು? ರೋಮಿಂದ ಫೋನ್ ಬಂದಿತ್ತಾ?" ಎಂದಳು ಮೋನಿಕಾ. "ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಕಣಪ್ಪ ಅದು. ಹಬ್ಬ ನಮ್ದು, ಸಂಜೆ ನಮ್ದು, ಮಿಠಾಯಿ ಮಾತ್ರ ಹಾಫ್‌ಮನ್ ಹುಡುಗನಿಗಾ?"

"ಸಂಜೆ ನಮ್ದೇ. ದೆವ್ವ ನಮ್ದಲ್ಲ."

"ನಿನ್ನ ಮಾವ ತೀರ್ಕೊಂಡು ಆರು ವರ್ಷ ಆಯ್ತು" ಎಂದರು ಅತ್ತೆ, ಆಲೂಗಡ್ಡೆ ಹಿಸುಕುತ್ತಾ. "ಪ್ರತಿ ನವೆಂಬರಲ್ಲೂ ಅವರ ಸಮಾಧಿಗೆ ದೀಪ ಹಚ್ಚಿ ಅರ್ಧ ಗಂಟೆ ಮಾತಾಡಿಸ್ಕೊಂಡು ಬರ್ತೀನಿ. ಸತ್ತೋರ ಜೊತೆ ನಮಗೇನು ಜಗಳ?"

"ನಮ್ಮ ಕ್ಲಾಸಲ್ಲಿ ಎಲ್ರೂ ಹೋಗ್ತಾರೆ" ಎಂದ ಹತ್ತು ವರ್ಷದ ಡೆನಿಸ್. "ಅವರೆಲ್ಲ ನರಕಕ್ಕೆ ಹೋಗ್ತಾರಾ ಅಪ್ಪಾ? ಮಿಠಾಯಿ ತಿಂದ್ಮೇಲಾ, ಮುಂಚೇನೇನಾ?"

ವಾದ ಎಂದಿನ ದಾರಿ ಹಿಡಿಯುತ್ತಿದೆ, ಅಂದರೆ ನಾನು ಸೋಲುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಮೇಲಿನ ನ್ಯಾಯಾಲಯಕ್ಕೆ ಹೋದೆ. ನಮ್ಮ ಚರ್ಚಿನ ಫಾದರ್ ಸಿಗ್ಮಂಟ್ ಏನು ಹೇಳುತ್ತಾರೋ ಅದೇ ಅಂತಿಮ ಎಂದೆ. ಎಲ್ಲರೂ ಒಪ್ಪಿದರು.

ಮರುದಿನ ನಾನೊಬ್ಬನೇ ಹೋದೆ. ಫಾದರ್ ಚರ್ಚಿನ ಹಾಲಿನಲ್ಲಿ ಕಾಫಿ ಯಂತ್ರದ ಜೊತೆ ಗುದ್ದಾಡುತ್ತಿದ್ದರು.

"ಮಕ್ಕಳು ವೇಷ ಹಾಕ್ಕೊಂಡು ಮಿಠಾಯಿ ತಿಂದ್ರೆ ಚರ್ಚೇನೂ ಬಿದ್ಹೋಗಲ್ಲ ಲ್ಯಾರಿ. ಸೈತಾನನ ಪೂಜೆ ಗೀಜೆ ಮಾಡದೇ ಇದ್ರೆ ಸರಿ. ಲೂಸಿ ಮಾಟಗಾತಿ ಆಗ್ಲಿ ಬಿಡು, ಚೆನ್ನಾಗಿ ಒಪ್ಪುತ್ತೆ. ಅದು ನಿನ್ನ ಮನಸ್ಸಿಗೆ ಬರದೇ ಇದ್ರೆ, ಆವತ್ತು ಸಂಜೆ ಪೂಜೆಗೆ ಮುಂಚೆ ಸಣ್ಣ ಮಕ್ಕಳು ಸಂತರ ವೇಷದಲ್ಲಿ ಮೆರವಣಿಗೆ ಬರ್ತಾರೆ, ಅಲ್ಲಿಗೆ ಕರ್ಕೊಂಡ್ಬಾ."

ಚರ್ಚಿನಿಂದ ಮನೆಗೆ ನಾಲ್ಕು ಬೀದಿ. ಫಾದರ್ ಮಾತಿನ ಮೊದಲರ್ಧ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. (ಬಿದ್ದದ್ದು ಗೊತ್ತಾಯಿತು. ಬಗ್ಗಿ ಎತ್ತಿಕೊಳ್ಳಲಿಲ್ಲ, ಅಷ್ಟೇ.)

"ಸಂತರ ವೇಷ" ಎಂದೆ ಬಾಗಿಲಲ್ಲೇ. "ಫಾದರ್ ಅಪ್ಪಣೆ ಆಗಿದೆ. ದೆವ್ವದ ವೇಷ ಪಾಪ. ಮಿಠಾಯಿಗೆ ಬೀದಿ ಸುತ್ತೋದೂ ಇಲ್ಲ."

ಲೂಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಲ್ಲಿಗೇ ಸುಮ್ಮನಾಗಬೇಕಿತ್ತು. ಆದರೆ ಗೆದ್ದು ಅಭ್ಯಾಸವಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರುವುದಿಲ್ಲ. ಇನ್ನೊಂದು ಫರ್ಮಾನು ಹೊರಡಿಸಿದೆ. "ಯಾರಿಗೆ ಯಾವ ಸಂತರ ಹೆಸರಿಟ್ಟಿದೆಯೋ ಅವರು ಅದೇ ಸಂತರಾಗಬೇಕು. ಇಡೀ ಮನೆ."

ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು. "ಅವರವರ ಹೆಸರಿನ ಸಂತರೇನಾ? ಯೋಚ್ನೆ ಮಾಡಿ ಹೇಳ್ತಿದ್ದೀಯಾ ಲ್ಯಾರಿ?"

"ಮಾಡಿಯೇ ಹೇಳ್ತಿದ್ದೀನಿ. ಅರ್ಧಂಬರ್ಧ ಬೇಡ. ತದ್ರೂಪ ಇರಬೇಕು."

"ಸರಿ" ಎಂದಳು ಮೋನಿಕಾ. ಮೋನಿಕಾ ಒಂದೇ ಮಾತಿಗೆ ಸರಿ ಅಂದಳೆಂದರೆ ಬುದ್ಧಿ ಇರುವ ಗಂಡಸು ಊರು ಬಿಡಬೇಕು. ನಾನು ಪೇಪರು ಓದುತ್ತಾ ಕೂತೆ. ಅತ್ತೆ ಮೊಮ್ಮಗಳನ್ನು ಸಮಾಧಾನ ಮಾಡಲು ಹೋದರು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ನಗು ಕೇಳಿಸಿತು, ಆಮೇಲೆ ಕತ್ತರಿಯ ಸದ್ದು. ಧರ್ಮ ಗೆದ್ದಿತು ಅಂದುಕೊಂಡೆ.

ಸಂತರು ಅಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಚರ್ಚಿನ ಗೋಡೆಯ ಮೇಲಿನ ಮೂರ್ತಿಗಳು. ತೊಳೆದ ಮುಖ, ನೀಲಿ ನಿಲುವಂಗಿ, ಕೈಯಲ್ಲೊಂದು ಹೂವು. ಅವರೆಲ್ಲ ಹೇಗೆ ಬದುಕಿದರೆಂದು ಕೇಳಿದ್ದೆ. ಹೇಗೆ ಸತ್ತರೆಂದು ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ.

ಹ್ಯಾಲೋವೀನ್ ಸಂಜೆ ಸ್ನಾನ ಮುಗಿಸಿ ಕೆಳಗಿಳಿದರೆ ಅಡುಗೆಮನೆಯಲ್ಲಿ ತಲೆಯಿಲ್ಲದ ಒಬ್ಬ ಬಿಷಪ್ಪು ನಿಂತಿದ್ದ. ಅಂಗಿಯ ಕೊರಳಪಟ್ಟಿಯ ಮೇಲೆ ಏನೂ ಇಲ್ಲ. ತಲೆ ಕಂಕುಳಲ್ಲಿತ್ತು, ಕಣ್ಣು ಬಿಟ್ಟುಕೊಂಡು, ಟೋಪಿ ಸಮೇತ. ಕತ್ತಿನಿಂದ ಬೀಟ್‌ರೂಟ್ ರಸ ತೊಟ್ಟಿಕ್ಕುತ್ತಿತ್ತು. ನಾನು ಫ್ರಿಜ್ಜು ಹಿಡಿದುಕೊಂಡೆ.

"ಸಂತ ಡೆನಿಸ್" ಎಂದಿತು ಅಂಗಿಯ ಎರಡನೇ ಗುಂಡಿ, ನನ್ನ ಮಗನ ದನಿಯಲ್ಲಿ. "ತಲೆ ಕಡಿದ್ಮೇಲೂ ಅದನ್ನ ಎತ್ಕೊಂಡು ಪ್ರಸಂಗ ಮಾಡ್ತಾ ನಡೆದ್ರಂತೆ ಅಪ್ಪಾ. ಅಜ್ಜಿ ಹೇಳಿದ್ರು."

ಪಕ್ಕದಲ್ಲಿ ಲೂಸಿ, ಬಿಳಿ ಉಡುಪಿನಲ್ಲಿ ದೇವತೆಯ ಹಾಗೆ. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎರಡು ಕಣ್ಣು. (ಬೇಯಿಸಿದ ಮೊಟ್ಟೆ, ನಡುವೆ ಆಲಿವ್ ಕಾಯಿ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ಸಮಾಧಾನವಾಗಲಿಲ್ಲ.) "ಸಂತ ಲೂಸಿಯ ಕಣ್ಣುಗಳನ್ನ ಕಿತ್ತುಹಾಕಿದ್ರಂತೆ" ಎಂದಳು ಅಕ್ಕರೆಯಿಂದ.

ಅತ್ತೆ ನನ್ನ ಇಕ್ಕಳ ಹಿಡಿದು ಬೊಚ್ಚುಬಾಯಿಯಲ್ಲಿ ನಕ್ಕರು. ಸಂತ ಅಪೊಲೋನಿಯಾರ ಹಲ್ಲುಗಳನ್ನೆಲ್ಲ ಒಡೆದು ಹಾಕಿದ್ದರಂತೆ. ಅತ್ತೆಯ ಹಲ್ಲಿನ ಸೆಟ್ಟು ಇನ್ನೊಂದು ಕೈಯಲ್ಲಿತ್ತು.

ಮೋನಿಕಾ ಮಾತ್ರ ದಿನದ ಉಡುಪಿನಲ್ಲೇ ಇದ್ದಳು. "ನಿನ್ನ ವೇಷ ಎಲ್ಲಿ?" ಎಂದೆ, ಒಂದು ಆಸೆಯಿಂದ.

"ಹಾಕ್ಕೊಂಡೇ ಇದ್ದೀನಿ. ಸಂತ ಮೋನಿಕಾ ಸಿಡುಕಿನ ಗಂಡನ ಜೊತೆ ವರ್ಷಗಟ್ಟಲೆ ಏಗಿ ಸಂತಳಾದೋಳು. ನನಗೆ ಬೇರೆ ವೇಷ ಯಾಕೆ?" ಎಂದು ಹಿತ್ತಲಿನ ಕಡೆ ತಿರುಗಿದಳು. "ನಿನ್ನದು ಅಲ್ಲಿದೆ. ಸಂತ ಲಾರೆನ್ಸರನ್ನ ಕಬ್ಬಿಣದ ಕಂಬಿ ಜಾಲರಿ ಮೇಲೆ ಮಲಗಿಸಿ ಸುಟ್ಟಿದ್ದು."

ಬೇಸಿಗೆಯುದ್ದಕ್ಕೂ ನಾನು ಸಾಸೇಜು ಸುಡುವ ಕಂಬಿ ಜಾಲರಿಯನ್ನು ಬೆನ್ನಿಗೆ ಕಟ್ಟಲು ಹಗ್ಗ ಸಿದ್ಧವಾಗಿತ್ತು. ನಾನು ಬಟ್ಟೆಯ ಬೀರು ತೆಗೆದು ಎರಡು ಬಿಳಿ ಹೊದಿಕೆ ಎಳೆದುಕೊಂಡು ಬಂದೆ.

"ಮಕ್ಕಳೇ, ಕಣ್ಣಿಗೆ ಎರಡು ತೂತು ಮಾಡ್ಕೊಡ್ತೀನಿ. ಇದನ್ನ ಹೊದ್ಕೊಂಡು ಲಕ್ಷಣವಾಗಿ ದೆವ್ವ ಆಗ್ಬಿಡಿ."

"ಅಯ್ಯೋ ಅಪ್ಪಾ" ಎಂದಳು ಲೂಸಿ ಮರುಕದಿಂದ. "ಅದು ಪಾಪ. ಫಾದರ್ ಬೇಡ ಅಂದಿದ್ದಾರೆ."

ಹೀಗೆ ನನ್ನ ಬೆನ್ನಿಗೂ ಕಂಬಿ ಬಿತ್ತು, ನಮ್ಮ ಪವಿತ್ರ ಕುಟುಂಬ ಬೀದಿಗಿಳಿಯಿತು. ಅಸ್ಥಿಪಂಜರದ ವೇಷದಲ್ಲಿದ್ದ ಹಾಫ್‌ಮನ್ ಹುಡುಗ ಗೇಟಿನ ಹತ್ತಿರ ಸಿಕ್ಕ. ಲೂಸಿ ಮರ್ಯಾದೆಗೆ ತಟ್ಟೆ ಮುಂದೆ ಹಿಡಿದಳು. ಅಸ್ಥಿಪಂಜರ ಅಮ್ಮಾ ಎಂದು ಕಿರುಚುತ್ತಾ ಒಳಗೋಡಿತು. ದಾರಿಯಲ್ಲಿ ಎರಡು ರಕ್ತಪಿಶಾಚಿಗಳು ನಮಗೆ ಹೆದರಿ ಆಚೆ ಕಡೆ ದಾಟಿಕೊಂಡವು.

ಚರ್ಚಿನ ಬಾಗಿಲಲ್ಲಿ ಸಣ್ಣ ಸಂತರೆಲ್ಲ ಸಾಲಾಗಿ ನಿಂತಿದ್ದರು, ಗುಲಾಬಿ ಹಿಡಿದವರು, ಬೊಂಬೆ ಕುರಿಮರಿ ಅಪ್ಪಿಕೊಂಡವರು. ಡೆನಿಸ್ ತನ್ನ ತಲೆಯನ್ನು ಒಂದು ಪುಟ್ಟ ಸಂತಳ ಕೈಗೆ ಕೊಟ್ಟು ಷೂ ದಾರ ಕಟ್ಟಿಕೊಳ್ಳಲು ಬಗ್ಗಿದ. ಆಮೇಲೆ ಸಾಲೂ ಇರಲಿಲ್ಲ, ಮೆರವಣಿಗೆಯೂ ಇರಲಿಲ್ಲ. ಗುಲಾಬಿಗಳನ್ನೆಲ್ಲ ತುಳಿದುಕೊಂಡು ಸಂತರು ಅಳುತ್ತಾ ದಿಕ್ಕಾಪಾಲಾದರು.

ಗಲಾಟೆ ಕೇಳಿ ಫಾದರ್ ಸಿಗ್ಮಂಟ್ ಹೊರಗೆ ಬಂದರು. "ಇದೇನಯ್ಯಾ ಲ್ಯಾರಿ?"

"ನಿಮ್ಮ ಅಪ್ಪಣೆನೇ ಫಾದರ್" ಎಂದಳು ಮೋನಿಕಾ. "ಲೂಸಿಗೆ ಮಾಟಗಾತಿ ಆಗೋ ಆಸೆ ಇತ್ತು. ನೀವು ಕೂಡದು ಅಂದ್ರಂತಲ್ಲ."

"ನಾನಾ? ಆಗ್ಲಿ ಬಿಡು, ಚೆನ್ನಾಗಿ ಒಪ್ಪುತ್ತೆ ಅಂತ ತಾನೇ ನಾನು ಮೊದಲು ಅಂದಿದ್ದು."

ಓಡಿಹೋಗೋಣವೆಂದರೆ ಬೆನ್ನಿಗೆ ಕಬ್ಬಿಣ. ಲೂಸಿ ನನ್ನ ಕಡೆ ತಿರುಗಿದಳು. ತಟ್ಟೆಯಲ್ಲಿದ್ದ ಎರಡು, ಅವಳ ಸ್ವಂತ ಎರಡು, ನಾಲ್ಕೂ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. "ಆಗ್ಲಿ ಅಂದಿದ್ರಾ ಅಪ್ಪಾ?" ಎಂದಳು. ನನಗೆ ನಾಚಿಕೆಯಾಯಿತು, ತಮಾಷೆಗೆ ಹೇಳುತ್ತಿಲ್ಲ.

"ಪೂಜೆ ಮುಗಿದ ತಕ್ಷಣ ಹೋಗಿ ಮಾಟಗಾತಿ ಆಗು ಮಗಳೇ" ಎಂದರು ಫಾದರ್. "ಬೀದಿಯೆಲ್ಲ ಸುತ್ತು. ಚೀಲ ನಿಮ್ಮಪ್ಪ ಹೊರ್ತಾನೆ."

ಅತ್ತೆ ಸ್ಪಷ್ಟವಾಗಿ ಮಾತಾಡಲೆಂದು ಹಲ್ಲಿನ ಸೆಟ್ಟನ್ನು ಬಾಯಿಗೆ ಹಾಕಿಕೊಂಡರು. "ಲೂಸಿ, ಕಂಬಿ ಮೇಲೆ ಬೇಯ್ತಾ ಸಂತ ಲಾರೆನ್ಸ್ ಏನಂದ್ರು ಗೊತ್ತಾ? ಈ ಮಗ್ಗುಲು ಬೆಂದಿದೆ, ಮಗುಚಿ ಹಾಕಿ ಅಂದ್ರು."

ಮೋನಿಕಾ ನನ್ನ ಬೆನ್ನ ಹಿಂದೆ ಬಂದು ಹಗ್ಗದ ಗಂಟನ್ನು ಇನ್ನಷ್ಟು ಬಿಗಿದಳು.

"ಮನೆಗೆ ಹೋದ್ಮೇಲೆ ಮಗುಚ್ತೀನಿ" ಎಂದಳು.