ಅಡುಗೆಮನೆಗೆ ಕಡಲಾಚೆಯ ಕಣ್ಣು

ಯಜಮಾನರ ಕೊರಗು ಒಂದೇ: ಹೆಂಡತಿ ಮಾತು ಕೇಳುವುದಿಲ್ಲ. ಹೋದ ತಿಂಗಳು ಅಡುಗೆಮನೆಯ ಸ್ಟೂಲ್ ಹತ್ತಿ ಮೇಲಿನ ಡಬ್ಬಿ ತೆಗೆಯಲು ಹೋಗಿ ತಲೆಸುತ್ತಿ ಬಿದ್ದಳು. ಮರುದಿನ ಮತ್ತೆ ಅದೇ ಸ್ಟೂಲ್ ಹತ್ತಿದಳು! ಅಂದಿನಿಂದ ತಮಗೆ ಊಟವೇ ಸೇರುತ್ತಿಲ್ಲ ಎನ್ನುತ್ತಿದ್ದರು. (ತಟ್ಟೆಯಲ್ಲಿ ಮಾತ್ರ ಏನೂ ಉಳಿಯುತ್ತಿರಲಿಲ್ಲ.) ಆದರೆ ಭಯ ನಿಜವಾದದ್ದೇ. ಅವಳಿಲ್ಲದ ಮನೆಯನ್ನು ಒಮ್ಮೆ ನೆನೆದುಕೊಂಡ ಮೇಲೆ, ಮತ್ತೆ ನೆನೆಯುವ ಧೈರ್ಯ ಅವರಿಗೆ ಬಂದಿರಲಿಲ್ಲ.

ಮೂವತ್ತು ವರ್ಷ ಕಾರ್ಖಾನೆಯ ಗೇಟಿನಲ್ಲಿ ನಿಂತು, ಕೆಲಸಗಾರರ ಊಟದ ಡಬ್ಬಿ ಬಿಚ್ಚಿಸಿ ನೋಡಿ ನಿವೃತ್ತರಾದ ಮಹಾನುಭಾವರು. ಅವರಿಗೆ ಹೊಳೆದ ಪರಿಹಾರ, ಅಡುಗೆಮನೆಗೊಂದು ಕ್ಯಾಮೆರಾ.

"ಏನ್ರೀ ಇದು?"

"ರಕ್ಷಣಾ ವ್ಯವಸ್ಥೆ ಕಣೇ. ನೀನು ಬಿದ್ರೆ ತಕ್ಷಣ ಸಂದೇಶ ಬರುತ್ತೆ. ಫಾರಿನ್ ಸಾಫ್ಟ್‌ವೇರು!"

"ಅಂದ್ರೆ ನಾನು ಬಿದ್ದಿದ್ದು ಮೊದಲು ಫಾರಿನ್‌ನವರಿಗೆ ಗೊತ್ತಾಗ್ಬೇಕು, ಆಮೇಲೆ ಗಂಡನಿಗೆ. ಅಂಚೆ ಕಚೇರೀಲಿ ಅಷ್ಟು ವರ್ಷ ಊರಿನ ಕಾಗದ ವಿಂಗಡಿಸಿದೀನಿ, ಒಂದು ಲಕೋಟೆ ಒಡೆದು ನೋಡಿಲ್ಲ. ನೀವು ನನ್ನ ಅಡುಗೆಮನೇನೇ ಕಂಡೋರಿಗೆ ತೋರಿಸ್ತೀರಲ್ಲ!"

"ನಿನ್ನ ಒಳ್ಳೇದಕ್ಕೇ."

"ಗೇಟಲ್ಲಿ ಡಬ್ಬಿ ಬಿಚ್ಚಿದೋರಿಗೂ ಹಾಗೇ ಹೇಳ್ತಿದ್ರಾ?"

ಯಜಮಾನರು ಉತ್ತರದ ಬದಲು ಮೊಳೆ ಹೊಡೆದರು. ಕ್ಯಾಮೆರಾ ಗೋಡೆಯೇರಿತು. ತಮ್ಮ ಫೋನು ಮಾತಾಡಲು ಬಿಟ್ಟು ಬೇರೇನಕ್ಕೂ ಬಾರದ್ದರಿಂದ, ಸಂದೇಶಗಳು ಹೆಂಡತಿಯ ಫೋನಿಗೆ ಬರುವಂತೆ ಮಾಡಿ, ವಿಳಾಸದಾರರ ಜಾಗದಲ್ಲಿ ಗತ್ತಿನಿಂದ ತಮ್ಮ ಹೆಸರು ಹಾಕಿದರು. (ಕಾವಲಿಗೆ ಒಳಗಾದವಳ ಕೈಗೇ ವರದಿ ಸೇರಿಸಿದ ಭದ್ರತಾ ತಜ್ಞರು ಇವರೊಬ್ಬರೇ ಇರಬೇಕು.) ಕ್ಯಾಮೆರಾ ಗುರುತು ಹಿಡಿಯಲೆಂದು ಅವಳ ಮುಖದ ಚಿತ್ರವೊಂದನ್ನೇ ಅದಕ್ಕೆ ತುಂಬಿಸಿದರು.

ಒಂದು ಮಧ್ಯಾಹ್ನ ಕ್ಯಾಮೆರಾ ಸ್ವಲ್ಪ ವಾಲಿದಂತೆ ಕಂಡಿತು. ಯಜಮಾನರು ಸ್ಟೂಲ್ ಹತ್ತಿದರು. ಹತ್ತಿದಷ್ಟೇ ಬೇಗ ಇಳಿದರು, ಬೆನ್ನಿನ ಮೇಲೆ. ಪಾದ ಉಳುಕಿತು. ಕೂಗಲು ಬಾಯಿ ತೆರೆದವರು ಮುಚ್ಚಿಕೊಂಡರು. ವ್ಯವಸ್ಥೆಯ ಹಿರಿಮೆ ಸಾಬೀತು ಮಾಡಲು ಇದಕ್ಕಿಂತ ಸುಮುಹೂರ್ತವುಂಟೇ! ಅತ್ತ ಹಜಾರದಲ್ಲಿ ಅವಳ ಫೋನು 'ಟಿಣ್' ಎಂದಿತು. ಈಗ ಓಡಿ ಬರುತ್ತಾಳೆ ಎಂದು ಕಾದರು. ಬರಲಿಲ್ಲ. ಇನ್ನೊಂದು ಟಿಣ್. ಮತ್ತೊಂದು. ನೋವು ಮೊಣಕಾಲಿನವರೆಗೆ ಏರಿತು.

ಹತ್ತು ನಿಮಿಷದ ಮೇಲೆ, ಮಡಿಸುತ್ತಿದ್ದ ಬಟ್ಟೆಗಳನ್ನೆಲ್ಲ ಕಪಾಟಿಗಿಟ್ಟು, ಹೆಂಡತಿ ನಿಧಾನಕ್ಕೆ ಬಂದಳು.

"ರೀ, ನಿಮ್ಮ ಹೆಸರಿಗೆ ಮೂರು ಸಂದೇಶ ಬಂದಿದೆ. ನಾನು ಒಡೆದು ನೋಡಿಲ್ಲ. ತಗೊಳ್ಳಿ…" ಎಂದವಳು ನೆಲ ನೋಡಿ ಕಿರುಚಿದಳು. "ಅಯ್ಯೋ! ಒಂದು ಸಲ ಕೂಗಬಾರದಿತ್ತಾ?"

"ವ್ಯವಸ್ಥೆ… ಪರೀಕ್ಷೆ…" ಎಂದು ಯಜಮಾನರು ನರಳಿದರು.

ಆಗಲೂ ಅವರ ಒಪ್ಪಿಗೆ ಕೇಳಿಯೇ ಅವಳು ಓದಿದ್ದು: 'ಅಪರಿಚಿತ ವ್ಯಕ್ತಿ ನೆಲದ ಮೇಲೆ ಬಿದ್ದಿದ್ದಾನೆ.'

"ಅಪರಿಚಿತಾನಾ? ನಿಮ್ಮ ಮುಖ ಹಾಕಿರಲಿಲ್ವಾ?"

"ನನ್ನದ್ಯಾಕೆ? ಹೆದರಿಕೆ ಇದ್ದಿದ್ದು ನಿನಗೆ ಏನಾದ್ರೂ ಆದ್ರೆ ಅಂತ."

ಬೈಯಲು ಹೊರಟವಳು ಅಲ್ಲೇ ನೆಲದ ಮೇಲೆ ಕುಳಿತು ಕಣ್ಣೊರೆಸಿಕೊಂಡಳು. "ನಿಮಗೇನಾದ್ರೂ ಆದ್ರೆ ನನ್ನ ಗತಿಯೇನು ಅಂತ ಯಾವತ್ತಾದ್ರೂ ಯೋಚಿಸಿದೀರಾ?"

ಅವರು ಯೋಚಿಸಿರಲಿಲ್ಲ. ಅವಳ ಕೈ ಹಿಡಿದುಕೊಂಡರು.

ಸಂಜೆಯೊಳಗೆ ಪಾದಕ್ಕೆ ಪಟ್ಟಿ ಬಿತ್ತು, ಕ್ಯಾಮೆರಾ ಕೆಳಗಿಳಿಯಿತು. ಹೆಂಡತಿ ಅವರ ಕುರ್ಚಿಯನ್ನು ಅಡುಗೆಮನೆಗೇ ಎಳೆದು ತಂದಳು.

"ನನ್ನ ನೋಡ್ತಿರಬೇಕು ತಾನೇ? ಇಲ್ಲೇ ಕೂತು ಕಣ್ತುಂಬ ನೋಡಿ."

ಯಜಮಾನರ ಮುಖ ಅರಳಿತು. ಅದು ಪೂರ್ತಿ ಅರಳುವ ಮೊದಲೇ ಮಡಿಲಿಗೆ ಎರಡು ಕಿಲೋ ಬಟಾಣಿಕಾಯಿ ಬಿತ್ತು.

"ಸುಲೀತಾ ನೋಡಿ. ಬಾಯಿಗೆ ಹಾಕ್ಕೊಂಡ್ರೆ ನಾನು ಬೆನ್ನು ತಿರುಗಿಸಿ ನಿಂತಿದ್ರೂ ಗೊತ್ತಾಗುತ್ತೆ."