ಕುಂತಲ್ಲೇ ಹೊಲಿದ ಒಂಬತ್ತು ಬಾವಿ

"ಗುಂಡಿ ಹಚ್ಚೋದೊಂದ ಬಾಕಿ ಅದರಿ" ಎಂದು ನಾನು ಹೇಳಿದೆನೆಂದರೆ ಆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ತಿಳಿಯಬೇಕು. ಶಹಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಟೇಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಈ ವಿಷಯ ನನಗೆ ಗೊತ್ತು, ಗಿರಾಕಿಗಳಿಗೂ ಗೊತ್ತು. ಅವರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಿರುವುದೂ ಅವರಿಗೆ ಗೊತ್ತು. ಹೀಗಿರುವಾಗ ಅದನ್ನು ಸುಳ್ಳು ಎನ್ನಲಾಗದು, ನಮಸ್ಕಾರದ ಹಾಗೆ ಅದೂ ಒಂದು ಮರ್ಯಾದೆಯ ಮಾತು ಎಂದೇ ನಾನು ನಂಬಿಕೊಂಡಿದ್ದೆ. "ಇಲ್ಲ" ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬರುತ್ತದೆ, ಎದುರಿನವರ ಮುಖ ನೋಡುತ್ತದೆ, ನಾಚಿಕೊಂಡು ಒಳಗೆ ಹೋಗುತ್ತದೆ. ಇಷ್ಟು ವರ್ಷ ಈ ರೋಗದಿಂದ ಕೆಟ್ಟದ್ದು ಕೆಲವು ವರಗಳ ಕೋಟು, ಹಲವು ಹಬ್ಬಗಳ ಜಂಪರು. ಈ ಬೇಸಿಗೆಯಲ್ಲಿ ಕೆಟ್ಟದ್ದು ನನ್ನ ತಂಗಿಯ ಒಂದೇ ಒಂದು ಆಸೆ.

ತಂಗಿಯ ಹೆಸರು ಮಾದೇವಿ. ಸುರಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಬರುತ್ತಾಳೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ತಂಗಿ ಓದಲೆಂದು ಅಣ್ಣ ಶಾಲೆ ಬಿಟ್ಟ ಎಂದು ಓಣಿಯಲ್ಲೆಲ್ಲ ಹೇಳುತ್ತಾರೆ, ಕೆಲವು ಹೆಂಗಸರು ಕಣ್ಣೂ ಒರೆಸಿಕೊಳ್ಳುತ್ತಾರೆ. ನಾನು ಶಾಲೆ ಬಿಟ್ಟಾಗ ಮಾದೇವಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ನನ್ನನ್ನು ಓಡಿಸಿದ್ದು ಭಿನ್ನರಾಶಿ. ಆದರೆ ಯಾರಾದರೂ ನನ್ನೆದುರು ಕಣ್ಣು ಒರೆಸಿಕೊಳ್ಳುವಾಗ "ಇಲ್ರಿ, ಭಿನ್ನರಾಶಿ" ಎಂದು ಹೇಳುವುದಾದರೂ ಹೇಗೆ? ಸುಮ್ಮನೆ ತಲೆ ತಗ್ಗಿಸುತ್ತಿದ್ದೆ. ತಲೆ ತಗ್ಗಿಸಿದ್ದರಿಂದ ಇನ್ನಷ್ಟು ದೊಡ್ಡ ಮನುಷ್ಯನಾದೆ.

ಮಾದೇವಿ ಕಲಬುರಗಿಯ ಒಂದು ನಡಿಗೆಯ ತಂಡ ಸೇರಿದ್ದಳು. ತಂಡದ ಮುಖ್ಯಸ್ಥರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು. ಪ್ರತಿ ವರ್ಷ ಚಳಿಗಾಲದಲ್ಲಿ ಆರು ಜನರನ್ನು ರಾಜಸ್ಥಾನದ ಮರಳುಗಾಡಿಗೆ ಕರೆದೊಯ್ದು, ಬೆನ್ನಿಗೆ ಚೀಲ ಹೊರಿಸಿ, ಆರು ದಿನ ನಡೆಸುವುದು ಅವರ ಹುಚ್ಚು. ಅವರ ಮೊಣಕಾಲು ಸವೆದು ಈ ವರ್ಷದ್ದೇ ಕೊನೆಯ ನಡಿಗೆ ಎಂದು ಹೇಳಿದ್ದರು. ಐದು ಜನ ಆಯ್ಕೆಯಾಗಿದ್ದರು. ಉಳಿದ ಒಂದು ಜಾಗ ನೀರಿನ ಉಸ್ತುವಾರಿಯದು. ಅದು ಬೇಕಾದವರು ತಮ್ಮ ಸೀಮೆಯಲ್ಲೇ, ಬೇಸಿಗೆಯಲ್ಲೇ, ನಾಲ್ಕು ದಿನದ ಒಂದು ಒಣದಾರಿ ಗೊತ್ತುಮಾಡಿ, ನೀರು ಎಲ್ಲೆಲ್ಲಿ ಸಿಗುತ್ತದೆಂದು ನಕ್ಷೆಯಲ್ಲಿ ಗುರುತಿಸಿ, ತಂಡವನ್ನು ನಡೆಸಿ ತೋರಿಸಬೇಕು. ಮಾದೇವಿ ಆ ಜಾಗ ಕೇಳಿದಳು.

"ನಮ್ಮೂರ ಬಿಸಿಲು ಸಾಲಂಗಿಲ್ಲಂತ ಮಂದಿ ಊರ ಬಿಸಿಲು ನೋಡಾಕ ಹೊಂಟಾಳ" ಎಂದು ನನ್ನ ಹೆಂಡತಿ ಶರಣಮ್ಮ ನಕ್ಕಳು. ಮಾದೇವಿ ನಗಲಿಲ್ಲ. "ವೈನೀ, ಹದಿನಾಲ್ಕು ವರ್ಷ ಆತು, ಸೀಟಿ ಊದಿ ಊದಿ ಮಂದಿ ಮಕ್ಕಳನ್ನ ಓಡಸಾಕತ್ತೀನಿ. ನಾ ಮಾತ್ರ ಶಾಲಿ ಕಂಪೌಂಡ್ ದಾಟಿಲ್ಲ" ಎಂದಳು. ಆಮೇಲೆ ಶರಣಮ್ಮನೂ ನಗಲಿಲ್ಲ.

ದಾರಿ ಅವಳೇ ಬರೆದಳು. ಯಾದಗಿರಿಯ ಹತ್ತಿರ ಭೀಮೆಯ ದಂಡೆಯಿಂದ ಹೊರಟು, ಡಾಂಬರು ರಸ್ತೆ ಬಿಟ್ಟು, ಕಾಲುವೆಯನ್ನೂ ಬಿಟ್ಟು, ಗುಡ್ಡದ ಬುಡದ ಕಲ್ಲುಹೊಲಗಳಲ್ಲಿ ಹಾದು, ವನದುರ್ಗದ ಕೋಟೆ ನೋಡಿ, ಸುರಪುರದ ಆಚೆ ಕೃಷ್ಣೆಯನ್ನು ಮುಟ್ಟುವುದು. ನಡುವೆ ಹನ್ನೊಂದು ಕಡೆ ನೀರು. "ಅಣ್ಣಾ, ಒಬ್ಬರಿಗೆ ನಾಲ್ಕು ಲೀಟರ್‌ಕ್ಕಿಂತ ಹೆಚ್ಚು ಹೊರಾಕ ಆಗಂಗಿಲ್ಲ. ಅರ್ಧ ದಿನಕ್ಕೊಂದು ನಂಬಿಕಿ ನೀರು ಬೇಕೇ ಬೇಕು. ನಂಗ ಪರೀಕ್ಷಾ ಡ್ಯೂಟಿ ಅದ. ನೀ ಐತವಾರಕ್ಕೊಮ್ಮೆ ಹೋಗಿ ಒಂದೊಂದು ಬಾವಿ ಕಣ್ಣಾರೆ ನೋಡಿ ಬರ್ತೀಯೇನು? ಆಗಲಿಲ್ಲಂದ್ರ ಈಗ ಹೇಳು, ಬ್ಯಾರೆ ಯಾರಿಗರ ಹೇಳ್ತೀನಿ" ಎಂದಳು. ಆಗುವುದಿಲ್ಲ ಎಂದು ಹೇಳಲು ಇಷ್ಟು ಚೆಂದವಾಗಿ ಬಾಗಿಲು ತೆರೆದುಕೊಟ್ಟವರು ನನ್ನ ಜನ್ಮದಲ್ಲಿ ಬೇರೆ ಯಾರೂ ಇಲ್ಲ. ನಾನು, "ಏ, ಅದೇನ್ ದೊಡ್ಡ ಮಾತವ್ವಾ" ಎಂದೆ.

ಮೊದಲ ಭಾನುವಾರ ಹೋದೆ, ದೇವರಾಣೆ ಹೋದೆ. ಮೋಪೆಡ್ ಹತ್ತಿ ಎರಡು ಬಾವಿ ನೋಡಿದೆ. ಎರಡರಲ್ಲೂ ತಿಳಿನೀರಿತ್ತು. ಎರಡನೆಯ ಬಾವಿಯ ಮೇಲೆ ಒಂದು ಬೇವಿನ ಮರ, ಅದರ ಕೆಳಗೆ ತಂಪು. ಅಲ್ಲಿ ಕುಳಿತು ಬುತ್ತಿ ಬಿಚ್ಚಿ ಉಂಡು, ಹೊಸ ಹುರುಪಿನಲ್ಲಿ ಆ ಬಾವಿಯ ಫೋಟೋವನ್ನು ನಾಲ್ಕೂ ದಿಕ್ಕಿನಿಂದ ತೆಗೆದೆ. ಬರುವಾಗ ಬಿಸಿಲು ನೆತ್ತಿಗೇರಿ ಎರಡು ದಿನ ಮಲಗಿದೆ. ಎದ್ದು ನೋಡಿದರೆ ಮದುವೆ ಸುಗ್ಗಿ, ಅಂಗಡಿಯಲ್ಲಿ ಜಂಪರಿನ ರಾಶಿ. ಎರಡನೆಯ ಭಾನುವಾರ ಹೋಗಲಾಗಲಿಲ್ಲ. ಮೂರನೆಯ ಭಾನುವಾರ ಹೋಗಬಹುದಾಗಿತ್ತು. ಹೋಗಲಿಲ್ಲ.

ಆಗಲೇ ನನಗೆ ನನ್ನ ಅಳತೆ ಪುಸ್ತಕ ನೆನಪಾಯಿತು. ಎದೆ, ಸೊಂಟ, ತೋಳು, ಅದರ ಕೆಳಗೆ ಊರು ಮತ್ತು ಫೋನ್ ನಂಬರು. ಸುತ್ತಲಿನ ಊರು, ತಾಂಡಾಗಳಲ್ಲೆಲ್ಲ ನನ್ನ ಒಬ್ಬನಾದರೂ ಗಿರಾಕಿ ಇದ್ದಾನೆ. ಮಷೀನಿನ ಮುಂದೆ ಕುಳಿತು, ಕಾಲು ತುಳಿಯುತ್ತ, ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. "ನಿಮ್ಮೂರಾಗ ನೀರ್ ಅದಾವೇನ್ರಿ? ನಮ್ಮ ಮಂದಿ ಬರೋರದಾರ." ಆಹಾ, ಏನು ಉತ್ತರಗಳು! "ಏನ್ ಕೇಳ್ತೀರಿ ಟೇಲರ್ ಸಾಹೇಬ್ರ, ನೀರಿಗೇನ್ ಬರ? ಬರ್ರಿ ಬರ್ರಿ." ಇನ್ನೊಬ್ಬ, "ನೀರಷ್ಟ ಯಾಕ್ರಿ, ರೊಟ್ಟಿ ಉಂಡ ಹೋಗ್ಬೇಕು" ಎಂದ. ಮತ್ತೊಬ್ಬ ಮುನಿಸಿಕೊಂಡೇಬಿಟ್ಟ: "ನಮ್ಮನಿಗಿ ಬರಾಕ ನೀರು ಕೇಳಿ ಬರ್ತಾರೇನ್ರಿ ಯಾರರ?" ಒಂಬತ್ತು ಕರೆ, ಒಂಬತ್ತು ಬಾವಿ, ಒಂದು ಬೆಳಗು. ಅದೇ ಹೊತ್ತಿನಲ್ಲಿ ಎರಡು ಜಂಪರೂ ಮುಗಿದವು.

ಈ ಸೀಮೆಯಲ್ಲೇ ಹುಟ್ಟಿದ ನನಗೆ ಆ ಉತ್ತರಗಳ ಅರ್ಥ ಹೊಳೆಯಬೇಕಿತ್ತು. ನಮ್ಮ ಕಡೆ ಹೊಸ್ತಿಲಿಗೆ ಬಂದವರ ಕೈಗೆ ಮೊದಲು ನೀರಿನ ತಂಬಿಗೆ, ಆಮೇಲೆ "ಯಾರು ನೀವು?" ಎಂಬ ಪ್ರಶ್ನೆ. ಬರುವವರಿಗೆ ನೀರಿಲ್ಲ ಎಂದರೆ ಮನೆಯ ಮಾನ ಹೋದಂತೆ. ನಾನು ಕೇಳಿದ್ದು ಬಾವಿಯ ಬಗ್ಗೆ, ಅವರು ಹೇಳಿದ್ದು ತಮ್ಮ ಮನೆತನದ ಬಗ್ಗೆ. ಆದರೆ ನಾನು ಅಷ್ಟಕ್ಕೇ ನಿಲ್ಲಲಿಲ್ಲ. ನೀರು ಎಷ್ಟು ಆಳ ಇದೆಯೆಂದು ಮಾದೇವಿ ಬರೆಯಲು ಹೇಳಿದ್ದಳು, ಅದನ್ನೂ ಬರೆದೆ. ಒಂದಕ್ಕೆ ಎಂಟು ಮೊಳ, ಒಂದಕ್ಕೆ ಆರೂವರೆ. ಅರ್ಧ ಮೊಳ ಬರೆದರೆ ನಂಬಿಕೆ ಬರುತ್ತದೆಂಬುದು ಟೇಲರನಿಗೆ ಗೊತ್ತಿರುವ ವಿದ್ಯೆ. ಫೋಟೋ ಕೇಳಿದಾಗ ಆ ಬೇವಿನ ಮರದ ಬಾವಿಯ ಪೂರ್ವ, ಪಶ್ಚಿಮ, ದಕ್ಷಿಣಗಳನ್ನು ಮೂರು ಬಾವಿಗಳೆಂದು ಕಳಿಸಿದೆ. "ಎಲ್ಲಾ ಬಾವಿ ಮ್ಯಾಲೂ ಬೇವಿನ ಗಿಡ ಅದಲ್ಲೋ ಅಣ್ಣಾ?" ಎಂದಳು. "ನಮ್ಮ ಕಡಿ ಹಂಗವ್ವಾ, ಹಿರೇರು ಬಾವಿಗೊಂದು ಬೇವು ಹಚ್ಚತಿದ್ದರು" ಎಂದೆ. ಸತ್ತ ಹಿರಿಯರನ್ನೂ ಸಾಕ್ಷಿಗೆ ಎಳೆತಂದೆ.

ಒಂದು ಕೆಲಸ ಮಾತ್ರ ಶುದ್ಧವಾಗಿ ಮಾಡಿದೆ. ಅವಳಿಗೊಂದು ಬೆನ್ನಿನ ಚೀಲ ಹೊಲಿದುಕೊಟ್ಟೆ. ದಪ್ಪ ಕ್ಯಾನ್ವಾಸು, ಜೋಡು ಹೊಲಿಗೆ, ಹೆಗಲಿಗೆ ಒತ್ತದಂತೆ ಒಳಗೆ ಮೆತ್ತನೆಯ ಪಟ್ಟಿ. ಹೇಳಿದ ದಿನವೇ, ಗುಂಡಿ ಸಮೇತ ಕೊಟ್ಟೆ. ನನ್ನ ಅಂಗಡಿಯ ಇತಿಹಾಸದಲ್ಲಿ ಅದು ಮೊದಲ ಸಲ.

ಏಪ್ರಿಲ್ ತಿಂಗಳ ರಜೆಯಲ್ಲಿ ಸುಬೇದಾರರು, ಮಾದೇವಿ, ತಂಡದ ಮತ್ತೆ ಮೂವರು ಹೊರಟರು. ಮೊದಲ ದಿನ ನಾನು ನಿಜವಾಗಿ ನೋಡಿದ ಎರಡು ಬಾವಿ ಸಿಕ್ಕವು. ಸಂಜೆ ಫೋನು ಮಾಡಿ, "ಅಣ್ಣಾ, ನೀ ಬರದಂಗ ಅದ ನೋಡು. ಸುಬೇದಾರ್ ಸರ್ ಖುಷ್ ಆಗ್ಯಾರ" ಎಂದಳು. ಆಗಲಾದರೂ "ಮುಂದ ಹೋಗಬ್ಯಾಡ್ರಿ" ಎನ್ನಬಹುದಾಗಿತ್ತು. "ಹೌದಾ? ಛಲೋ ಆತು" ಎಂದೆ. ಬರಿಯ ನಂಬಿಕೆಯ ಮೇಲೇ ಒಂದೊಂದು ಬಾವಿಯಲ್ಲೂ ನೀರು ಇದ್ದುಬಿಡಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ನಾನೇ ಗಿರಾಕಿಯಾಗಿದ್ದೆ.

ಮರುದಿನ ಹನ್ನೆರಡಕ್ಕೆ ಅವಳ ಫೋನ್ ಬಂತು. ದನಿ ಬಹಳ ಮೆತ್ತಗಿತ್ತು. ಮೂರನೆಯ ಬಾವಿಯ ತಳದಲ್ಲಿ ಪಾರಿವಾಳ ಕುಳಿತಿದ್ದವಂತೆ. ನಾಲ್ಕನೆಯದು ಬಾವಿಯೇ ಅಲ್ಲ, ಕೈಪಂಪು, ಅದಕ್ಕೆ ಹಿಡಿಕೆಯೇ ಇರಲಿಲ್ಲ. ತಂಡದ ಒಬ್ಬ ಹುಡುಗಿ ತಲೆ ತಿರುಗಿ ಕುಳಿತುಬಿಟ್ಟಿದ್ದಳು. ಪಕ್ಕದ ತಾಂಡಾದ ಬಸಣ್ಣ ಎಂಬ ನನ್ನ ಗಿರಾಕಿ ಎಲ್ಲರನ್ನೂ ಮನೆಗೆ ಕರೆದೊಯ್ದಿದ್ದ. ಅವನ ಹೆಂಡತಿ ಬೆಳಿಗ್ಗೆ ಎರಡು ಮೈಲಿ ನಡೆದು ತಂದ ಎರಡೇ ಕೊಡ ನೀರಿನಲ್ಲಿ ಒಂದನ್ನು ಇವರ ಮುಂದಿಟ್ಟಿದ್ದಳು. "ಟೇಲರ್ ಸಾಹೇಬ್ರು ಫೋನ್ ಮಾಡಿದ್ದರವ್ವಾ" ಎಂದು ಬಸಣ್ಣ ಸಂಭ್ರಮದಿಂದ ಹೇಳಿದನಂತೆ. "ನಾ ಸಂಕ್ರಾಂತಿ ಅಂಗಿ ಈಗರ ಆಗ್ಯದೇನೋ ಅಂತ ಎತ್ತಿದೆ. ನೀರ್ ಅದಾವೇನಂತ ಕೇಳಿದರು. ನಿಮ್ಮ ಪಾಲಿಂದು ಅದ, ಕುಡೀರಿ." ಇಷ್ಟು ಹೇಳಿ ಮಾದೇವಿ, "ಫೋನ್ ಮಾಡಿದ್ದೇನು ಅಣ್ಣಾ?" ಎಂದಳು. ನನ್ನ ಉತ್ತರಕ್ಕೆ ಕಾಯದೆ, "ನೀರ್ ತಗೊಂಡು ಬಾ" ಎಂದು ಫೋನಿಟ್ಟಳು.

ನನ್ನ ಪಕ್ಕದ ಅಂಗಡಿಯ ಮೆಹಬೂಬ್ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಎಂಟು ಕ್ಯಾನು ನೀರು ಹೇರಿಕೊಂಡು ಹೊರಟೆವು. ಕಲ್ಲುದಾರಿಯಲ್ಲಿ ಟಂಟಂ ಕುಣಿಯುತ್ತಿತ್ತು. ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ಅವನು, "ಕ್ಯಾ ಭಾಯ್, ಒಂಬತ್ತು ಬಾವಿ ಕುಂತಲ್ಲೇ ಹೊಲಿದ್ಯಲ್ಲೋ! ಹೊಲದ್ಯಪಾ, ಅದರಾಗ ಒಂದು ಕೊಡ ನೀರರ ಹಾಕಬಾರದಿತ್ತಾ?" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಬಸಣ್ಣನ ಛಪ್ಪರದ ಕೆಳಗೆ ಎಲ್ಲರೂ ಕುಳಿತಿದ್ದರು. ಆ ಹುಡುಗಿ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದಳು, ಈಗ ಮಾತಾಡುತ್ತಿದ್ದಳು. ಮೊದಲ ಕ್ಯಾನನ್ನು ಬಸಣ್ಣನ ಹೆಂಡತಿಯ ಖಾಲಿ ಕೊಡಕ್ಕೆ ಸುರಿದವಳು ಮಾದೇವಿ. ಆಮೇಲೆ ಎಲ್ಲರಿಗೂ ಕೊಟ್ಟಳು, ತಾನು ಕಡೆಗೆ ಕುಡಿದಳು. ಸುಬೇದಾರರು ನಕ್ಷೆ ಮಡಚುತ್ತ, "ದಾರಿ ಬರೋಬ್ಬರಿ ಹಾಕೀರಿ ಟೀಚರ್. ಆದರ ನೀರು ನೋಡಿದವರು ಯಾರು?" ಎಂದರು.

ನಾನು ಅವರಿಂದ ಮೂರು ಮಾರು ದೂರದಲ್ಲಿ, ಕೈಯಲ್ಲಿ ಲೋಟ ಹಿಡಿದು ನಿಂತಿದ್ದೆ. ಒಂದೇ ಶಬ್ದ ಸಾಕಿತ್ತು: ನಾನು. ಬಾಯಿ ತೆರೆದೆ.

"ನಾನ ಸರ್" ಎಂದಳು ಮಾದೇವಿ. "ಜವಾಬ್ದಾರಿ ನಂದಿತ್ತು. ತಪ್ಪೂ ನಂದ."

ತೆರೆದ ಬಾಯಿಯನ್ನು ಏನಾದರೂ ಮಾಡಲೇಬೇಕಲ್ಲ. "ಇನ್ನೊಂದು ಲೋಟ ಕೊಡ್ಲೇನ್ರಿ ಸರ್?" ಎಂದೆ.

ಅವರು ಲೋಟ ತೆಗೆದುಕೊಂಡರು. ಅವಳ ಚೀಲದ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದನ್ನ ಹೊಲದವರು ಯಾರು? ಭಾರಿ ಕೆಲಸ ಅದ" ಎಂದರು. "ನಮ್ಮ ಅಣ್ಣ ಸರ್, ಇವರ" ಎಂದು ನನ್ನತ್ತ ಕೈ ತೋರಿಸಿದಳು. ಸುಬೇದಾರರು ನನ್ನ ಕೈ ಕುಲುಕಿದರು. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಡಿಗೆ ಅಲ್ಲಿಗೇ ನಿಂತಿತು. ವಾಪಸು ಬರುವಾಗ ಟಂಟಂನಲ್ಲಿ ಮಾದೇವಿ ಒಂದೇ ಮಾತು ಕೇಳಿದಳು: "ಬೇವಿನ ಗಿಡ ಒಂದ ಇತ್ತಲ್ಲಾ?" ನಾನು "ಹೂಂ" ಎಂದೆ. ಆಮೇಲೆ ಶಹಾಪುರದವರೆಗೆ ಬಿಸಿಲು ನೋಡುತ್ತ ಕುಳಿತಳು.

ಸುಬೇದಾರರು ಆ ಜಾಗವನ್ನು ಬೇರೊಬ್ಬರಿಗೆ ಕೊಟ್ಟರು. ಅವರ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಕಲಬುರಗಿಗೆ ಹೋಗಿ ನಿಜ ಹೇಳಿ ಬಂದೆ. ಒಂದು ತಿಂಗಳು ತಡವಾಗಿ, ಗುಂಡಿ ಹಚ್ಚಿದ ಹಾಗೆ. ಅವರು ಚಹಾ ಕೊಟ್ಟು, "ನಿಮ್ಮ ತಂಗಿ ಸುಳ್ಳು ಹೇಳಿದ್ದು ಅವತ್ತ ಗೊತ್ತಾಗಿತ್ತರಿ. ಆದರ ನೀರಿನ ಮಾತಿನ್ಯಾಗ ತಾ ಕಣ್ಣಾರೆ ನೋಡದೆ ಇನ್ನೊಬ್ಬರನ್ನ ನಂಬಿದ್ದು ಆಕಿನ ತಪ್ಪ" ಎಂದರು. ನನ್ನನ್ನು ನಂಬಿದ್ದೇ ತಪ್ಪು ಎಂದು ಒಬ್ಬ ತಿಳಿದ ಮನುಷ್ಯ ಹೇಳಿದ ಮೇಲೆ ನಾನು ಬಸ್ ಸ್ಟ್ಯಾಂಡಿಗೆ ಬಂದು ಕುಳಿತೆ. ಎರಡು ಬಸ್ಸು ಬಿಟ್ಟೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾದೇವಿ ಬೈಯಲಿಲ್ಲ. ಮೊದಲಿನಂತೆಯೇ ಶನಿವಾರ ಬರುತ್ತಾಳೆ, ಮೊದಲಿನಂತೆಯೇ "ಅಣ್ಣಾ" ಎನ್ನುತ್ತಾಳೆ. ಬದಲಾದದ್ದು ಒಂದೇ. ಬಸ್ಸು ಹತ್ತು ಗಂಟೆಗೆ ಎಂದು ನಾನು ಹೇಳಿದರೆ ನಿಲ್ದಾಣಕ್ಕೆ ಫೋನ್ ಮಾಡಿ ಕೇಳುತ್ತಾಳೆ. ಬಾಗಿಲು ಹಾಕಿದ್ದೇನೆ ಎಂದರೆ ಎದ್ದು ಹೋಗಿ ಚಿಲಕ ಮುಟ್ಟಿ ಬರುತ್ತಾಳೆ. ಹಂಗಿಸಲೆಂದು ಮಾಡುವುದಲ್ಲ, ತಾನು ಹಾಗೆ ಮಾಡುತ್ತಿದ್ದೇನೆಂಬುದು ಅವಳಿಗೇ ಗೊತ್ತಿಲ್ಲ. ಅದೇ ನನಗೆ ತಡೆಯಲಾಗುವುದಿಲ್ಲ. ಹೋದ ಭಾನುವಾರ ಶರಣಮ್ಮ ತವರಿಗೆ ಹೋಗಿದ್ದಳು, ಅಡುಗೆ ನನ್ನದು. ಮಾದೇವಿ ಹಸಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅನ್ನ ಆಗ್ಯದ, ಕೈ ತೊಳಕೊಂಡು ಕೂಡು" ಎಂದೆ. ಅವಳು ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

ಆಗಿರಲಿಲ್ಲ.