ಇಪ್ಪತ್ತು ಮುಖದ ದಾಳದವನಿಗೆ ಹೆಣ್ಣು ನೋಡಿದ್ದು

ನಮ್ಮ ಪಕ್ಕದ ಮನೆಯಲ್ಲಿ ಏನಾದರೂ ಒಂದು ಆಗುತ್ತಲೇ ಇರುತ್ತದೆ. ಎಲ್ಲ ಮನೆಯಲ್ಲೂ ಆಗುತ್ತದೆ, ನೀವು ಅವರ ಮನೆ ಕಡೆಗೇ ಮುಖ ಮಾಡಿ ಕೂತಿರ್ತೀರಿ ಅಷ್ಟೇ, ಅಂತ ನನ್ನ ಸೊಸೆ ಹೇಳುತ್ತಾಳೆ. ಕೂರದೆ ಏನು ಮಾಡಲಿ? ಮೂಡಿಗೆರೆಯ ಈ ಬೀದಿಯಲ್ಲಿ ನಮ್ಮದು ದಿನಸಿ ಅಂಗಡಿ. ಕುರ್ಚಿ ಹಾಕಿದ್ದೇ ಆ ಕಡೆಗೆ.

ಆ ಮನೆಯ ಯಜಮಾನರು ಎಸ್ಟೇಟಿನಲ್ಲಿ ರೈಟರಾಗಿದ್ದವರು, ಈಗಿಲ್ಲ. ಇರುವುದು ತಾಯಿ, ಮಗ. ಮಗನಿಗೆ ಮೂವತ್ತೈದು ದಾಟಿತ್ತು, ಮದುವೆ ಇಲ್ಲ. ಕೆಲಸ ದಾಳ ಮಾಡುವುದು. ಪಗಡೆ ದಾಳ ಅಲ್ಲ. ಒಂದೊಂದಕ್ಕೂ ಇಪ್ಪತ್ತು ಮುಖ, ಮುಖಕ್ಕೊಂದು ನಂಬರು. ಜೇನುತುಪ್ಪದ ಹಾಗಿರುವ ಎಂಥದ್ದೋ ಅಂಟನ್ನು ರಬ್ಬರಿನ ಅಚ್ಚಿಗೆ ಹೊಯ್ದು, ಒಳಗೊಂದು ಒಣಗಿದ ಕಾಫಿ ಹೂವು ಇಟ್ಟು, ಗಟ್ಟಿಯಾದ ಮೇಲೆ ಕೂತು ಉಜ್ಜುತ್ತಾನೆ, ಉಜ್ಜುತ್ತಾನೆ, ಕನ್ನಡಿ ಆಗುವವರೆಗೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಊರಿನವರು ಫಸಲಿನ ಲೆಕ್ಕ ಹಾಕಿದರೆ, ಇವನು ಸೇವಂತಿಗೆ ಆರಿಸುವವನ ಹಾಗೆ ಹೂವು ಆರಿಸಿಕೊಂಡು ಬರುತ್ತಾನೆ.

ಇದಕ್ಕೂ ಗಿರಾಕಿ ಇದ್ದಾರಂತೆ. ಮೀಸೆ ಬಂದವರು, ಮಕ್ಕಳಾದವರು ಮೇಜಿನ ಸುತ್ತ ಕೂತು, ನಾನು ರಾಣಿ, ನೀನು ರಾಕ್ಷಸ ಅಂತ ಕತೆ ಕಟ್ಟಿಕೊಂಡು ಆಡುತ್ತಾರಂತೆ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಅಂತ ದಾಳ ಉರುಳಿಸಿ ನೋಡಬೇಕಂತೆ. "ಅಲ್ಲ ಮಾರಾಯ, ಪೆಟ್ಟು ತಿಂದವನನ್ನು ಕೇಳಿದರೆ ಅವನೇ ಹೇಳಲ್ವ?" ಅಂದೆ. ಹುಡುಗ ನಕ್ಕು ಮತ್ತೆ ಉಜ್ಜಲು ಕೂತ.

ಹುಡುಗ ಚಿನ್ನದಂಥವನು. ಆದರೆ ಹೆಣ್ಣಿನ ಕಡೆಯವರು ಬಂದರೆ ಆ ಮನೆ ಮೆಟ್ಟಿಲು ಹತ್ತುವ ಮೊದಲು ಪಕ್ಕದಲ್ಲಿ ವಿಚಾರಿಸುತ್ತಾರೆ. ಪಕ್ಕದಲ್ಲಿರುವುದು ನಾನು.

ಉಪ್ಪುನೀರು

ಮೊದಲು ಬಂದವರು ಜಾವಳಿ ಊರಿನವರು. ಹುಡುಗಿಯ ಅಪ್ಪನೇ, ಹೇಳದೆ ಕೇಳದೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಹುಡುಗ ಜಗಲಿ ಮೇಲೆ ಬೋಗುಣಿ ಇಟ್ಟುಕೊಂಡು ಕೂತಿದ್ದ. ದಾಳ ಸಮತೂಕವಾಗಿದೆಯೋ ನೋಡಬೇಕಾದರೆ ಗಟ್ಟಿ ಉಪ್ಪುನೀರಲ್ಲಿ ತೇಲಿಸಿ, ಬೆರಳಿಂದ ತಿರುಗಿಸಿ ತಿರುಗಿಸಿ ಬಿಡಬೇಕು. ಪ್ರತಿ ಸಲವೂ ಒಂದೇ ನಂಬರು ಮೇಲೆ ಬಂದರೆ ಅದು ವಾಲುವ ದಾಳ, ಮಾರುವ ಹಾಗಿಲ್ಲ. ಇವನೋ ತಲೆ ಬಾಚಿಲ್ಲ, ಅಂಗಿ ಹಾಕಿಲ್ಲ. ರಕ್ತದ ಬಣ್ಣದ್ದೊಂದು ದಾಳ ನೀರಲ್ಲಿ ಬಿಟ್ಟುಕೊಂಡು "ಹದಿನೇಳು... ನಾಲ್ಕು... ಹನ್ನೊಂದು..." ಅಂತ ಗೊಣಗುತ್ತಿದ್ದಾನೆ.

ಜಾವಳಿಯವರು ಚಪ್ಪಲಿ ಸದ್ದು ಮಾಡದೆ ಹಿಂದೆ ಸರಿದು ನನ್ನ ಅಂಗಡಿಗೆ ಬಂದರು.

"ಅಮ್ಮಾ, ಆ ಮನೆಯಲ್ಲಿ ಮಾಟ ಗೀಟ ಏನಾದರೂ...?"

"ಛೆ ಛೆ! ಎಂಥ ಮಾತು ಮಾರಾಯ್ರೆ. ವಿಭೂತಿ ಇಡದೆ ನೀರು ಕುಡಿಯದ ಜನ. ಹುಡುಗ ದಾಳ ಮಾಡ್ತಾನೆ, ಅಷ್ಟೇ."

"ದಾಳ ಅಂದ್ರೆ? ಜೂಜಿನ ದಾಳವಾ?"

"ಅಯ್ಯೋ, ಆರು ಮುಖದ್ದಲ್ಲ. ಇಪ್ಪತ್ತು ಮುಖದ್ದು" ಅಂತ ಸಮಾಧಾನ ಹೇಳಿದೆ.

ಅವರು ಕೈ ಮುಗಿದರು. "ಆರು ಮುಖದ್ದರಲ್ಲೇ ನಮ್ಮ ಚಿಕ್ಕಪ್ಪ ಗದ್ದೆ ಕಳೆದ. ಇಪ್ಪತ್ತಾದರೆ ತೋಟವೂ ಉಳಿಯಲ್ಲ ಅಮ್ಮಾ" ಅಂದು ಜೀಪು ಹತ್ತಿದರು.

ಸಪ್ಪೆ ಮಿಠಾಯಿ

ಸಂಸೆಯವರು ಬರುವಾಗ ಹೇಳಿ ಬಂದರು. ತಾಯಿ ಅಚ್ಚು, ಅಂಟು, ಉಜ್ಜುವ ಕಾಗದ ಎಲ್ಲವನ್ನೂ ಮಂಚದ ಕೆಳಗೆ ನೂಕಿದಳು. ನಾನು ಅಡಿಗೆಮನೆಗೆ ಸಹಾಯಕ್ಕೆ ಹೋದೆ. ಸಹಾಯಕ್ಕೇ ಹೋಗಿದ್ದು, ಒಳಗೆ ಏನೇನಿದೆ ನೋಡಲಿಕ್ಕಲ್ಲ. ಕಪಾಟಿನ ಮೇಲೆ ಸ್ಟೀಲ್ ತಟ್ಟೆಯಲ್ಲಿ ಕಲ್ಲುಸಕ್ಕರೆಯ ಹಾಗೆ ಹೊಳೆಯುವುದು ಏನೋ ಇತ್ತು. ಕಾಫಿಯ ಜೊತೆ ತಂದಿಟ್ಟೆ. ಅಷ್ಟು ಹೊಳೆಯುವ ಹಾಗೆ ಉಜ್ಜಿದ್ದು ಯಾರ ತಪ್ಪು?

ಹುಡುಗಿಯ ಸೋದರಮಾವ ಒಂದನ್ನು ಬಾಯಿಗೆ ಹಾಕಿಕೊಂಡರು. ಈ ದವಡೆಗೆ ತಳ್ಳಿದರು, ಆ ದವಡೆಗೆ ತಳ್ಳಿದರು. ಎಷ್ಟೋ ಹೊತ್ತು ಚೀಪಿ, ಕಣ್ಣಲ್ಲಿ ನೀರು ತಂದುಕೊಂಡು, "ಎಂಥ ಜನ! ನನಗೆ ಶುಗರ್ ಇದೆ ಅಂತ ತಿಳಿದುಕೊಂಡು ಸಪ್ಪೆ ಮಿಠಾಯಿ ಮಾಡಿಸಿದಾರೆ" ಅಂದರು. ಇನ್ನೇನು ತಾಂಬೂಲ ಬದಲಾಯಿಸಬೇಕು, ಅಷ್ಟರಲ್ಲಿ ಹುಡುಗ ಹೊಸ ಅಂಗಿ ಹಾಕಿಕೊಂಡು ಹೊರಗೆ ಬಂದ. ತಟ್ಟೆ ನೋಡಿದ. ಮಾವನ ಕೆನ್ನೆ ನೋಡಿದ.

"ಮಾವಾ, ಉಗುಳಿ! ಅದು ನಾಳೆ ಕೊರಿಯರಿಗೆ ಹೋಗಬೇಕು!"

ಸಂಸೆಯಿಂದ ಕಳಸದವರೆಗೆ ಈಗಲೂ ಆ ಮನೆಗೊಂದು ಹೆಸರಿದೆ: ಬಂದ ನೆಂಟರ ಬಾಯಿಂದ ಮಿಠಾಯಿ ಕಕ್ಕಿಸುವವರು. ತೊಳೆದು ಕಳಿಸಿದನೋ ಹಾಗೇ ಕಳಿಸಿದನೋ, ನಾನು ಕೇಳಲಿಲ್ಲ.

ನನಗೇನೂ ಗೊತ್ತಿಲ್ಲ

ಆಮೇಲೆ ತಾಯಿ ಒಂದು ದಿನ ನನ್ನ ಅಂಗಡಿಯಲ್ಲಿ ಕೂತು ಅತ್ತೇಬಿಟ್ಟಳು. "ಅಕ್ಕಾ, ನಾನು ಹೋದ ಮೇಲೆ ಇವನಿಗೆ ಒಂದು ಲೋಟ ಕಾಫಿ ಕೊಡೋರು ಯಾರು? ಆ ದಾಳದ ಜೊತೆ ಮಾತಾಡಿಕೊಂಡು ಇರ್ತಾನ? ಈ ಸಲ ಯಾರು ಏನು ಕೇಳಿದರೂ ಗೊತ್ತಿಲ್ಲ ಅಂದುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹೂಂ ಅಂದೆ.

ಈ ಸಲ ವಿಚಾರಿಸಲು ಬಂದದ್ದು ಮೂರನೇ ಹುಡುಗಿಯ ಸೋದರತ್ತೆ. ಮರ್ಯಾದೆಗೆ ಮೊದಲು ಒಂದು ಕೇಜಿ ಸಕ್ಕರೆ ಕಟ್ಟಿಸಿದರು.

"ಹುಡುಗ ಹೇಗೆ?"

"ಗೊತ್ತಿಲ್ಲ."

"ತಾಯಿ ಹೇಗೆ?"

"ಗೊತ್ತಿಲ್ಲ."

"ಕುಡಿತ ಏನಾದರೂ?"

ತುದಿನಾಲಿಗೆಯಲ್ಲಿ ಏನೇನು ಇತ್ತೋ ನನಗೇ ಗೊತ್ತು. ಸೆರಗು ಬಾಯಿಗಿಟ್ಟುಕೊಂಡು "ಗೊತ್ತಿಲ್ಲ" ಅಂದೆ.

ಅವರ ಮುಖ ಬಿಳಿಚಿಕೊಂಡಿತು. "ಈ ಬೀದಿಯಲ್ಲಿ ಬೆಕ್ಕು ಮರಿ ಹಾಕಿದರೆ ಅಪ್ಪ ಯಾರು ಅಂತ ಹೇಳೋರು ನೀವು ಅಂತ ಕೇಳಿದ್ದೆ. ನೀವೇ ಬಾಯಿ ಬಿಡ್ತಿಲ್ಲ ಅಂದ್ರೆ, ಅಲ್ಲೇನೋ ಕೊಲೆಯೇ ಆಗಿರಬೇಕು" ಅಂದವರು ಸಕ್ಕರೆಯನ್ನೂ ಬಿಟ್ಟು ಹೋದರು.

ಸತ್ತ ರಾಣಿ

ಆಮೇಲೊಂದು ಭಾನುವಾರ ಸ್ಕೂಟರಿನಲ್ಲಿ ಒಬ್ಬಳು ಬಂದಿಳಿದಳು. ಚಿಕ್ಕಮಗಳೂರಿನವಳು, ಮೂವತ್ತರ ಆಸುಪಾಸು, ಕತ್ತಲ್ಲಿ ತಾಳಿ ಇಲ್ಲ. "ಅಜ್ಜಿ, ದಾಳ ಮಾಡೋರ ಮನೆ ಇದೇನಾ?"

ಈಗಿನ ಹುಡುಗಿಯರು ತಾವೇ ವಿಚಾರಿಸಲು ಬರುತ್ತಾರೆ, ಒಳ್ಳೇದೇ ಆಯಿತು ಅಂದುಕೊಂಡೆ. ಮಾತಾಡಿ ಕೆಟ್ಟಿತು, ಸುಮ್ಮನಿದ್ದೂ ಕೆಟ್ಟಿತು. ಈ ಸಲ ಅರ್ಧ ಮುಚ್ಚುವುದು ಬೇಡ ಅಂತ ಕೂರಿಸಿ, ಕಾಫಿ ಕೊಟ್ಟು, ಎಲ್ಲ ಹೇಳಿದೆ. ನೆತ್ತಿಯಲ್ಲಿ ಕೂದಲು ಉದುರುತ್ತಿದೆ. ಗೊರಕೆ ನಮ್ಮ ಗೋಡೆಯವರೆಗೂ ಬರುತ್ತದೆ. ಹಿಂದೆ ಒಬ್ಬಳಿಗೋಸ್ಕರ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ. ಅವಳು ಬಸ್ಸು ಹತ್ತಿದಳು, ಇವನು ಹತ್ತಲಿಲ್ಲ, ಪ್ರೇಮ ಅಲ್ಲಿಗೆ ಮುಗಿಯಿತು. ಆದರೆ ತಾಯಿಗೆ ಜ್ವರ ಬಂದರೆ ಗಂಜಿ ಇವನೇ ಬೇಯಿಸುತ್ತಾನೆ. ವಾಲುವ ದಾಳ ಒಂದನ್ನೂ ಮಾರಿದವನಲ್ಲ.

ಹುಡುಗಿ ಕೊನೆವರೆಗೂ ಕೇಳಿ, ಕಾಫಿಯನ್ನೂ ಮುಗಿಸಿ, "ಅದೇ ತಕರಾರು ಅಜ್ಜಿ. ಒಂದು ಮಾರಿದಾರೆ. ವಾಪಸ್ ಕೊಡೋಕೆ ಬಂದೆ" ಅಂದಳು.

ಆಮೇಲೆ ಪಕ್ಕದ ಜಗಲಿಯಲ್ಲಿ ಶುರುವಾಯಿತು ನೋಡಿ.

"ಯಾವಾಗ ಉರುಳಿಸಿದರೂ ಒಂದನೇ ನಂಬರೇ ಬೀಳುತ್ತೆ! ಆಟದಲ್ಲಿ ಒಂದು ಬಿದ್ದರೆ ಸೋಲು! ನಿಮ್ಮ ದಾಳದಿಂದ ನನ್ನ ರಾಣಿ ಸತ್ತಳು!"

"ನಾನು ಉಪ್ಪುನೀರಲ್ಲಿ ನೋಡೇ ಕಳಿಸೋದು!"

"ಹಾಗಾದರೆ ನನ್ನೆದುರಿಗೆ ನೋಡಿ!"

ಬೋಗುಣಿ ಬಂತು. ದಾಳ ತೇಲಿತು. "ಒಂದು! ನೋಡಿ, ಮತ್ತೆ ಒಂದು!" ಅಂತ ಅವಳು, "ಉಪ್ಪು ಕಮ್ಮಿಯಾಗಿದೆ" ಅಂತ ಇವನು. ಹುಡುಗಿ ದಡದಡ ಬಂದು ನನ್ನ ಅಂಗಡಿಯಲ್ಲೇ ಉಪ್ಪು ತೆಗೆದುಕೊಂಡು ಹೋದಳು. ಅಷ್ಟರಲ್ಲಿ ದೇವಸ್ಥಾನದಿಂದ ಬಂದ ತಾಯಿ ಬೀದಿಯಲ್ಲೇ ನಿಂತು ಬೆದರಿದಳು.

"ಅಕ್ಕಾ, ಯಾರದು? ನನ್ನ ಮಗನ್ನ ಹಾಗೆ ಬೈತಿರೋದು ಯಾರು?"

"ನಿನ್ನ ಸೊಸೆ ಕಣೇ" ಅಂದೆ.

ಮುಂದಿನ ಭಾನುವಾರವೂ ಸ್ಕೂಟರು ಬಂತು. ದಾಳ ಅದೇ, ತಕರಾರು ಹೊಸದು. ಅದರ ಮುಂದಿನ ಭಾನುವಾರ ತಕರಾರೂ ಇರಲಿಲ್ಲ, ಸ್ಕೂಟರು ಮಾತ್ರ ಬಂತು. ಅವಳ ಕಡೆಯಿಂದ ಯಾರೂ ನನ್ನ ಹತ್ತಿರ ವಿಚಾರಿಸಲು ಬರಲಿಲ್ಲ. "ಅಜ್ಜಿ ಹೇಳಿದ್ದಕ್ಕಿಂತ ಕೆಟ್ಟದ್ದು ಇನ್ನೇನೂ ಉಳಿದಿರಲ್ಲ" ಅಂದಳಂತೆ.

ಮದುವೆಗೆ ಜಾವಳಿಯವರೂ ಬಂದಿದ್ದರು. ಊಟದ ವಿಷಯದಲ್ಲಿ ಅವರಿಗೆ ಮುನಿಸಿಲ್ಲ. ಧಾರೆಯಾದ ಮೇಲೆ ಮದುಮಕ್ಕಳಿಗೆ ಉಂಗುರದ ಆಟ. ಅರಿಸಿನ ನೀರಿನ ಕೊಡದಲ್ಲಿ ಉಂಗುರ ಹಾಕಿದೆವು. ಮದುಮಗಳು ಮೆಲ್ಲಗೆ ಅಡಿಗೆಯವರನ್ನು ಕರೆದು ಮೂರು ಹಿಡಿ ಉಪ್ಪು ತರಿಸಿ ಅದಕ್ಕೆ ಸುರಿದಳು. ಸೆರಗಿನ ಗಂಟಿನಿಂದ ರಾಣಿಯನ್ನು ಕೊಂದ ಆ ದಾಳ ತೆಗೆದು ಬಿಟ್ಟಳು. ಉಂಗುರ ಯಾರಿಗೆ ಬೇಕು? ಬಾಸಿಂಗಕ್ಕೆ ಬಾಸಿಂಗ ತಾಗಿಸಿಕೊಂಡು ಇಬ್ಬರೂ ಕೊಡದೊಳಗೆ ಬಗ್ಗಿ "ಒಂದು... ಹದಿಮೂರು... ಒಂದು..." ಅಂತ ಗೊಣಗಲು ಶುರು ಮಾಡಿದರು.

ಜಾವಳಿಯವರು ಲಾಡು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ನನ್ನ ಕಿವಿ ಹತ್ತಿರ ಬಗ್ಗಿ ಅಂದರು:

"ನೋಡಿದ್ರಾ ಅಮ್ಮಾ? ಪಾಪ, ಆ ಹುಡುಗಿಗೂ ಮಾಟ ಮಾಡಿಬಿಟ್ಟ."